ಮೂರು ಸುತ್ತಿನ ಟೇಪು

ಮಂಗೋರ ಹಿಲ್ಲಿನ ಮೂರನೇ ಮಾಳಿಗಿ. ಲಿಫ್ಟಿಗೆ ಅವತ್ತೂ ರಜಾ.
ಚೀಲದಾಗ ಮೀಟರು, ಎರಡು ಪಾನಾ,
ಬಾಯಾಗ ಅರ್ಧ ಕರಗಿದ ಪೆಪ್ಪರಮಿಂಟು.
ಬಾಗಿಲು ತಗದ ಎಸ್ಪೆರಾಂಸ್ ಬಾಯಿ
ನೀರೂ ಕೇಳಲಿಲ್ಲ, ಸೀದಾ ಅಂದ್ಲು:
"ಫಕೀರಾ, ಗಾಳಿ ಬರ್ತದ. ಬೆಂಕಿ ಬರೂದಿಲ್ಲ."

ಕಟ್ಟಿ ಮ್ಯಾಲೆ ಕುಂತಿತ್ತು ಏರ್ ಫ್ರೈಯರ್,
ಯಾವುದೋ ದೊಡ್ಡ ಹಕ್ಕಿ ಇಟ್ಟು ಮರೆತ ಕರೀ ತತ್ತಿ.
ಒಳಗ ನಾಕು ಬಂಗಡಿ, ಕೆಂಪು ಮಸಾಲಿ ಬಳಕೊಂಡು,
ಇಪ್ಪತ್ತು ನಿಮಿಷ ತಣ್ಣನ ಗಾಳಿ ಕುಡದು
ಕಣ್ಣು ತಕ್ಕೊಂಡಽ ಮಲಗಿದ್ವು
ಸ್ಟೇಶನ್ನಿನಾಗ ಗಾಡಿ ತಪ್ಪಿದವರಂಗ.

ಕಾಯ್ತಾನ್ ಬಾಬ್ ಬಾಲ್ಕನಿಯಾಗ ಪೇಪರ್ ಹಿಡಕೊಂಡಿದ್ದ.
ಎದಿಯೊಳಗ ಎರಡು ಸ್ಟೆಂಟು.
ಬಂದರಿನ ವರ್ಕ್‌ಶಾಪಿನಾಗ ಮೂವತ್ತೊಂದು ವರ್ಷ
ಕ್ರೇನಿನ ವೈರಿಂಗ್ ಮಾಡಿದಾಂವ.
"ನೀವಽ ನೋಡಬಹುದಿತ್ತಲ್ರಿ" ಅಂದೆ.
"ಕಣ್ಣು ಮಂದ ಆಗ್ಯಾವ" ಅಂದ,
ಸಣ್ಣ ಅಕ್ಷರದ ಜಾಹೀರಾತಿನಿಂದ ಕಣ್ಣು ಎತ್ತದಽ.

ಮೊದಲು ಪ್ಲಗ್ಗು. ಅದಽ ತೂತಿಗೆ ಮಿಕ್ಸರ್ ಹಚ್ಚಿದೆ, ಗುರ್ ಅಂತು.
ಆಮ್ಯಾಲೆ ಬುಟ್ಟಿ. ಪೂರಾ ಕೂಡದಿದ್ರ ಈ ಮಷೀನು ಮಾತಾಡೂದಿಲ್ಲ.
ಒತ್ತಿದೆ. ಟಕ್. ದೀಪ ಹತ್ತಿತು, ಫ್ಯಾನು ತಿರಗ್ತು.
ಅಂಗೈ ಹಿಡದೆ:
ಬೈನಾ ದಂಡಿಯ ಮುಂಜಾನಿ ಗಾಳಿ, ಅಷ್ಟಽ.

ಪ್ಲಗ್ ಕಿತ್ತು, ಬೋರಲು ಹಾಕಿ, ಆರು ತಿರುಪು ಬಿಚ್ಚಿದೆ.
ಥರ್ಮಲ್ ಫ್ಯೂಸ್ ಅಂದ್ರ ನನಗ ಒಂದು ನಮೂನಿ ಮರ್ಯಾದಿ.
ಮನಿ ಸುಡೂಕಿಂತ ಮೊದಲು ತಾನು ಸುಟಗೊಂಡು
ಸಪ್ಪಳಿಲ್ಲದ ಸಾಯೂ ಜಾತಿ.
ಬೆಲಿ ನೋಡಿದ್ರ ಎರಡು ಕಟಿಂಗ್ ಚಾದಷ್ಟು.
ಅದಽ ಹೋಗಿರಬೇಕಂತ ಮೀಟರಿನ ಮುಳ್ಳು ಮುಟ್ಟಿಸಿದೆ.
ಬೀಪ್.
ಜೀವ ಐತಿ.
ಕಾಯಿಲು ನೋಡಿದೆ. ಮೂವತ್ತಾರು ಓಮ್. ಅದೂ ಗಟ್ಟಿ.
ಹಂಗಾರ ಬ್ಯಾನಿ ಎಲ್ಲಿ?

ಆವಾಗ ಕಂಡಿತು. ಕಾಯಿಲಿಗೆ ಹೋಗೂ ಕೆಂಪು ತಂತಿ
ಕ್ಲಿಪ್ಪು ಕಳಚಿಕೊಂಡು ಬದಿಗೆ ಸರದು
ಕರೀ ಟೇಪು ಹೊದ್ದು ಮಲಗಿತ್ತು.
ಮೂರು ಸುತ್ತು. ತುದಿ ಮಡಚಿ ಒತ್ತಿದ್ದು.

ಸಡ್ಲಾದ ತಂತಿ ತಾನಽ ಟೇಪು ಸುತಗೊಳ್ಳೂದಿಲ್ಲ.
ಅದೂ ಹಿಂಗ, ಕೂಸಿನ ಬೆರಳಿಗೆ ಬಟ್ಟಿ ಕಟ್ಟಿದಂಗ,
ಬಾಂಡಿ ತೊಳಿಯೂ ಒದ್ದಿ ಕೈ ತಾಗಿದ್ರ
ಶಾಕ್ ಹೊಡೀಬಾರದು ಅಂತ.

ಬಾಲ್ಕನಿಯಾಗ ಪೇಪರಿನ ಹಾಳಿ
ಭಾಳ ಹೊತ್ತಿನಿಂದ ತಿರುವಿರಲಿಲ್ಲ.
ಗ್ವಾಡಿಯ ಮೊಳಿಗೆ ಬಾಂಡ್ಲಿ ತೂಗಬಿದ್ದಿತ್ತು,
ಎಂಟು ತಿಂಗಳು ಎಣ್ಣಿ ಕಾಣದ ಬೆಳ್ಳಗ.

"ಏನಾಗಿತ್ತೋ?"
"ಲೂಸ್ ಕನೆಕ್ಷನ್ ರೀ."
ಒಬ್ಬ ವಾಯರಮನ್ನು ಇನ್ನೊಬ್ಬನ ಕೈಗುಣ
ಹೆಂಡತಿ ಮುಂದ ಹೇಳಬಾರದು.
ಟೇಪು ಬಿಚ್ಚಿ ಕಿಸೆದಾಗ ಇಟ್ಟೆ, ಕ್ಲಿಪ್ಪು ಕೂಡಿಸಿದೆ,
ಖಾಲಿ ಹೊಟ್ಟೀಲೆ ಮೂರು ನಿಮಿಷ ಓಡಿಸಿದೆ.
ಮೊದಲು ಧೂಳಿನ ವಾಸನಿ, ಹಿಂದ ಹಳೀ ಮಸಾಲಿದು,
ಅದರ ಹಿಂದ ಕಾವು.
ಅಂಗೈ ತಾನಽ ಹಿಂದ ಬಂತು.

ಬಾಬ್ ಒಳಗ ಬಂದು ನಿಂತ. ಬಂಗಡಿ ನೋಡಿದ. ಬಾಂಡ್ಲಿ ನೋಡಿದ.
ನನ್ನ ನೋಡಲಿಲ್ಲ.

ಇನ್ನೂರು ಕೊಟ್ಟು ಬಾಗಿಲ ತನಕ ಬಂದ್ಲು ಬಾಯಿ.
ದನಿ ಇಳಿಸಿ ಕೇಳಿದ್ಲು: "ಟೇಪು ಒಳಗ ಬಿಟ್ಟಿಲ್ಲಲ್ಲ?
ಕಾದ್ರ ನಾರತದ. ಹೋದ ಸಲ ನಾನಽ ಬಿಚ್ಚಿ ಒಗದಿದ್ದೆ."
ಮತ್ತ ನನ್ನ ಯಾಕ ಕರದ್ರಿ ಅಂತ ಕೇಳೂದ್ರಾಗ
ಬಾಲ್ಕನಿ ಕಡೆ ಒಮ್ಮೆ ನೋಡಿ
ಬಾಗಿಲು ಹಾಕ್ಕೊಂಡ್ಲು, ನಿಧಾನಕ.

ಕೆಳಗ ಬಂದು ಚಾದವಗ ರೊಕ್ಕ ಕೊಡಬೇಕಂತ ಕೈ ಹಾಕಿದೆ.
ಟೇಪು ನೂರರ ನೋಟಿಗೆ ಅಂಟಿತ್ತು.
ಚಲೋ ಕಂಪನಿದು.
ಬಿಡಸೂದು ತ್ರಾಸಾತು.